ನೆಲೆ ಬದಲಿಸುವಾಗ ಹಳೆಯ ಕಾರಿನ ಗತಿ: ಮಾರುವುದೋ, ಒಯ್ಯುವುದೋ?

ಭೀಮೆ ಮತ್ತು ಕೃಷ್ಣೆಯರ ನಡುವೆ ಹಬ್ಬಿರುವ ಕರಿನೆಲದ ಸೀಮೆಯಲ್ಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ವಾಡೆಗಳ ಅಂಗಳದಲ್ಲಿ, ಅಡತಿ ಅಂಗಡಿಗಳ ಹಿತ್ತಿಲಲ್ಲಿ, ವಕೀಲರ ಮತ್ತು ವೈದ್ಯರ ಮನೆಗಳ ಮಗ್ಗುಲ ತಗಡಿನ ಶೆಡ್ಡುಗಳಲ್ಲಿ, ಒಂದು ಕಾಲಕ್ಕೆ ಊರಿಗೆ ಒಂದೋ ಎರಡೋ ಎಂಬಷ್ಟು ವಿರಳವಾಗಿದ್ದ ಅಂಬಾಸಿಡರ್, ಫಿಯಟ್ ಕಾರುಗಳೂ ವಿಲ್ಲೀಸ್ ಜೀಪುಗಳೂ ಇಂದಿಗೂ ಅಲ್ಲಲ್ಲಿ ಉಳಿದುಕೊಂಡಿವೆ. ಮದುಮಕ್ಕಳ ಮೆರವಣಿಗೆಗೆ ಅವೇ ಬೇಕಾಗಿದ್ದವು. ನಡುರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡ ನೆರೆಮನೆಯ ಹೆಣ್ಣುಮಗಳನ್ನು ವಿಜಾಪುರದ ಆಸ್ಪತ್ರೆಗೆ ಮುಟ್ಟಿಸಲು ಅವೇ ಬೇಕಾಗಿದ್ದವು. ಚುನಾವಣೆಗೆ, ಜಾತ್ರೆಗೆ, ಕೋರ್ಟಿನ ತಾರೀಖಿಗೆ ಅವೇ ಹೊರಡುತ್ತಿದ್ದವು. ಹೀಗೆ ಊರಿನ ಬಾಳಿನೊಡನೆ ಬೆರೆತುಹೋದ ಒಂದು ವಾಹನವನ್ನು, ಅದರ ಒಡೆಯರ ಕುಟುಂಬವು ಬೆಂಗಳೂರಿಗೋ ಪುಣೆಗೋ ಸಮುದ್ರದಾಚೆಗೋ ಶಾಶ್ವತವಾಗಿ ನೆಲೆ ಬದಲಿಸಬೇಕಾಗಿ ಬಂದಾಗ, ಏನು ಮಾಡುವುದು ಯುಕ್ತ? ಮಾರಿಬಿಡುವುದೆ, ಸಂಗಡ ಕೊಂಡೊಯ್ಯುವುದೆ?

ಈ ಪ್ರಶ್ನೆಯನ್ನು ಮನೆಯ ಹಿರಿಯರು ಸಾಮಾನ್ಯವಾಗಿ ಮಮತೆಯಿಂದ ವಿಚಾರಿಸುತ್ತಾರೆ, ಕಿರಿಯರು ಖರ್ಚಿನ ಲೆಕ್ಕದಿಂದ ವಿಚಾರಿಸುತ್ತಾರೆ; ಇಬ್ಬರ ವಿಚಾರದಲ್ಲಿಯೂ ಸತ್ಯಾಂಶವಿದೆ. ಆದರೆ ಇವೆರಡಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು: ಮುಂದಿನ ಹತ್ತು ವರ್ಷ ಈ ಕಾರು ಎಲ್ಲಿ ಓಡೀತು? ವಿಜಾಪುರ ಸೀಮೆಯ ಹಳೆಯ ಗ್ಯಾರೇಜುಗಳಲ್ಲಿ ಮಿಸ್ತ್ರಿಗಳು ಆಡುವ ಮಾತಿನಲ್ಲಿಯೇ ಇದರ ಸಾರವೆಲ್ಲ ಅಡಗಿದೆ: “ನಿಂತ ಗಾಡಿ ಕೆಡ್ತೈತ್ರಿ, ಓಡೂ ಗಾಡಿ ಉಳೀತೈತ್ರಿ.” ಯಾವ ಊರಿನಲ್ಲಿ ಅದಕ್ಕೆ ನೆರಳೂ, ಬಲ್ಲ ಕೈಯೂ, ವಾರಕ್ಕೊಮ್ಮೆಯಾದರೂ ಅದನ್ನು ಹೊರಗೆ ತೆಗೆಯುವ ಮನಸ್ಸೂ ದೊರೆಯುತ್ತವೆಯೋ ಆ ಊರೇ ಅದರ ಊರು. ಒಡೆಯನ ಹೊಸ ಊರು ಅದಾಗಿದ್ದರೆ ಒಯ್ಯತಕ್ಕದ್ದು. ಅಲ್ಲವಾದರೆ ಯೋಗ್ಯನಾದವನಿಗೆ ಮಾರತಕ್ಕದ್ದು. ಈ ಒಂದು ನಿಲುವನ್ನು ಹಿಡಿದು ಮಿಕ್ಕ ಸಂಗತಿಗಳನ್ನು ಪರಿಶೀಲಿಸೋಣ.

ಈ ಸೀಮೆಗೆ ಕಾರು ಬಂದ ದಾರಿ

1956ರ ನವೆಂಬರ್ 1ರವರೆಗೆ ವಿಜಾಪುರ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಇಲ್ಲಿಯ ವ್ಯಾಪಾರ, ವಿದ್ಯೆ, ಕೋರ್ಟು-ಕಚೇರಿಗಳ ವ್ಯವಹಾರವೆಲ್ಲ ಸೊಲ್ಲಾಪುರ, ಪುಣೆ, ಮುಂಬಯಿಗಳ ಕಡೆಗೆ ಮುಖಮಾಡಿಕೊಂಡಿದ್ದಿತು. ಇಂಡಿಗೆ ನೆರೆಯೂರೇ ಎನ್ನಬಹುದಾದ ಆ ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದ ವಾಲ್‌ಚಂದ್ ಹಿರಾಚಂದರೇ ಮುಂದೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು ಎಂಬುದೂ, ಅವರ ಮುಂಬಯಿಯ ಕುರ್ಲಾ ಕಾರ್ಖಾನೆಯಿಂದಲೇ ನಾವೆಲ್ಲ ಫಿಯಟ್ ಎಂದು ಕರೆದ ಕಾರುಗಳು ಹೊರಟವೆಂಬುದೂ ಈ ಭಾಗದವರು ಅಭಿಮಾನದಿಂದ ನೆನೆಯಬೇಕಾದ ಸಂಗತಿ. 1974ರಲ್ಲಿ ಪದ್ಮಿನಿಯೆಂಬ ಹೆಸರು ಪಡೆದ ಮೇಲೆಯೂ ಹಳ್ಳಿಯವರ ಬಾಯಲ್ಲಿ ಅದು ಫಿಯಟ್ಟೇ ಆಗಿ ಉಳಿಯಿತು. ಅತ್ತ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು, ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ, ಐವತ್ತರ ದಶಕದ ಕೊನೆಯಲ್ಲಿ ಅಂಬಾಸಿಡರ್ ಕಾರನ್ನು ತಯಾರಿಸಲಾರಂಭಿಸಿ, 2014ರ ಮೇ ತಿಂಗಳವರೆಗೂ ಅದನ್ನು ಮುಂದುವರಿಸಿತು. ಅಗಲವಾದ ಆಸನ, ಕೆಟ್ಟ ದಾರಿಯನ್ನು ಸಹಿಸುವ ಗಟ್ಟಿ ಸ್ಪ್ರಿಂಗು, ಯಾವ ಹಳ್ಳಿಯ ಮಿಸ್ತ್ರಿಯೂ ಬಿಚ್ಚಿ ಜೋಡಿಸಬಲ್ಲ ಸರಳ ಇಂಜಿನ್ನು, ಇವುಗಳಿಂದಾಗಿ ಅದು ದೇಸಾಯರ, ಗೌಡರ, ಶಾಸಕರ, ಸರ್ಕಾರಿ ಅಧಿಕಾರಿಗಳ ವಾಹನವಾಗಿ ಮೆರೆಯಿತು. ಡೀಸೆಲ್ ಇಂಜಿನ್ನಿನ ಅಂಬಾಸಿಡರ್ ಬಂದ ಮೇಲಂತೂ ದೂರದ ಹೊಲ-ತೋಟಗಳಿರುವ ಒಕ್ಕಲು ಮನೆತನಗಳಿಗೆ ಅದು ಇನ್ನಷ್ಟು ಹತ್ತಿರವಾಯಿತು.

ನೆಲೆ ಬದಲಿಸುವ ವ್ಯಥೆಯೂ ಈ ಸೀಮೆಗೆ ಹೊಸದಲ್ಲ. ಬರದ ವರ್ಷಗಳಲ್ಲಿ ದುಡಿಮೆಯನ್ನರಸಿ ಗೋವೆಗೂ ಮುಂಬಯಿಗೂ ಹೋದವರುಂಟು. ಓದಿ ಬೆಂಗಳೂರನ್ನು ಸೇರಿದವರುಂಟು. ಇವರೆಲ್ಲರಿಗಿಂತ ಭಿನ್ನವಾಗಿ, ತಾವಾಗಿ ಊರು ಬಿಡದೆ ನೀರೇ ಬಂದು ಎಬ್ಬಿಸಿದವರೂ ಉಂಟು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ಪೂರ್ಣಗೊಂಡು 519.60 ಮೀಟರ್ ಮಟ್ಟಕ್ಕೆ ನೀರು ನಿಂತಾಗ, ಆಗ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಕೊಲ್ಹಾರವೂ ನದಿಯ ದಡದ ಅನೇಕ ಹಳ್ಳಿಗಳೂ ಹಳೆಯ ನೆಲವನ್ನು ತೊರೆದು ಹೊಸ ನೆಲದ ಮೇಲೆ ಮನೆ ಕಟ್ಟಿಕೊಳ್ಳಬೇಕಾಯಿತು. ಮನೆಯ ತೊಲೆ, ಕಂಬ, ಬಾಗಿಲ ಚೌಕಟ್ಟುಗಳನ್ನು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದದ್ದನ್ನು ಕಂಡ ಹಿರಿಯರು ಈಗಲೂ ಇದ್ದಾರೆ. ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು ಎಂಬ ವಿವೇಚನೆಯನ್ನು ಈ ನಾಡು ಕಷ್ಟದಿಂದ ಕಲಿತಿದೆ. ಉಪಯೋಗಕ್ಕೆ ಬರುವ ತೊಲೆಯನ್ನು ಅವರು ಒಯ್ದರು. ಹೊಸ ಗೋಡೆಗೆ ಹೊಂದದ್ದನ್ನು ಹೊಂದಿಸಿಕೊಳ್ಳಬಲ್ಲವರಿಗೆ ಕೊಟ್ಟರು. ಕಾರಿನ ವಿಷಯದಲ್ಲಿಯೂ ಧರ್ಮ ಬೇರೆಯಲ್ಲ.

ಒಣ ಹವೆಯ ಉಪಕಾರ

ಹಳೆಯ ಕಾರನ್ನು ಕುರಿತು ನಿರ್ಧರಿಸುವವರು ಮೊದಲು ಹೊಸ ಊರಿನ ಹವೆಯನ್ನು ವಿಚಾರಿಸಬೇಕು. ವಿಜಾಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮಂಗಳೂರಿನಲ್ಲಿ ಅದು 3500 ಮಿಲಿಮೀಟರನ್ನೂ ಮೀರುತ್ತದೆ. ಬರಗಾಲವೆಂದು ನಾವು ನಿಟ್ಟುಸಿರುಬಿಡುವ ಈ ಒಣ ಹವೆಯೇ ಹಳೆಯ ಕಾರುಗಳ ತಗಡಿಗೆ ಪರಮೋಪಕಾರಿಯಾಗಿದೆ. ಅಂಬಾಸಿಡರಿಗಾಗಲಿ ಫಿಯಟ್ಟಿಗಾಗಲಿ ಲಾರಿಗಿರುವಂತೆ ಪ್ರತ್ಯೇಕವಾದ ಚೌಕಟ್ಟಿಲ್ಲ. ಒಡಲಿನ ತಗಡೇ ಅದರ ಬೆನ್ನೆಲುಬು. ಆ ತಗಡು ತುಕ್ಕು ಹಿಡಿದರೆ ಇಂಜಿನ್ನು ಎಷ್ಟು ಗಟ್ಟಿಮುಟ್ಟಾಗಿದ್ದರೂ ಕಾರು ಉಳಿಯದು. ಆದುದರಿಂದ ಸಿಂದಗಿಯ ಶೆಡ್ಡಿನಲ್ಲಿ ನಲವತ್ತು ವರ್ಷ ಗಟ್ಟಿಯಾಗಿ ನಿಂತ ತಗಡು, ಗೋವೆಯ ಅಥವಾ ಮುಂಬಯಿಯ ಉಪ್ಪುಗಾಳಿಯಲ್ಲಿ, ಮುಚ್ಚಿಗೆಯಿಲ್ಲದ ರಸ್ತೆಯ ಬದಿಯಲ್ಲಿ, ಕೆಲವೇ ಮಳೆಗಾಲಗಳಲ್ಲಿ ತೂತುಬಿದ್ದರೆ ಆಶ್ಚರ್ಯಪಡಬೇಕಾದ್ದಿಲ್ಲ. ಕರಾವಳಿಗೆ ಹೋಗುವವರು ಮುಚ್ಚಿದ ಗ್ಯಾರೇಜು ದೊರೆಯುವುದೆಂಬ ಖಾತ್ರಿಯಿಲ್ಲದೆ ಕಾರನ್ನು ಒಯ್ಯುವುದು ಅವಿವೇಕ.

ಆದರೆ ಒಣ ಹವೆಯು ಕಾರಿನ ಎಲ್ಲ ಅಂಗಗಳಿಗೂ ಸಮಾನವಾಗಿ ಹಿತಕರವಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನಿಂದ ಬಾಗಿಲಿನ ರಬ್ಬರು ಬಿರಿಯುತ್ತದೆ, ಬ್ರೇಕಿನ ಸಿಲಿಂಡರಿನ ರಬ್ಬರು ಬಟ್ಟಲುಗಳು ಗಡುಸಾಗುತ್ತವೆ, ಆಸನದ ಹೊದಿಕೆ ಸೀಳುತ್ತದೆ. ಕರಿಮಣ್ಣಿನ ನುಣ್ಣನೆಯ ಧೂಳು ಬಾಗಿಲಿನ ತಳದಲ್ಲಿರುವ ನೀರು ಬಸಿಯುವ ತೂತುಗಳನ್ನು ಮುಚ್ಚಿಬಿಡುತ್ತದೆ. ಒಂದೆರಡು ಮಳೆಯ ನೀರು ಒಳಗೇ ನಿಂತು, ಹೊರಗಿನ ಬಣ್ಣ ಕಳೆಗೂಡಿದ್ದರೂ ಒಳಗಿನಿಂದ ತುಕ್ಕು ತಿನ್ನತೊಡಗುತ್ತದೆ. ಕಾರು ಒಯ್ಯಲು ತಕ್ಕದ್ದೇ ಎಂಬುದನ್ನು ಅರಿಯಬೇಕಾದರೆ ಹೊಳಪನ್ನು ನೋಡಿ ಫಲವಿಲ್ಲ. ಕಾಲ್ದೆಸೆಯ ರಬ್ಬರು ಹಾಸನ್ನು ಎತ್ತಿ ತಳದ ತಗಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು, ಬಾಗಿಲಿನ ಕೆಳಅಂಚನ್ನು ಬೆರಳಿನಿಂದ ತಡವಬೇಕು, ಹಿಂದಿನ ಡಿಕ್ಕಿಯಲ್ಲಿ ಸ್ಟೆಪ್ನಿ ಕೂಡುವ ಗುಣಿಯನ್ನು ಬರಿದುಮಾಡಿ ಪರೀಕ್ಷಿಸಬೇಕು. ಒತ್ತಿದಲ್ಲಿ ತಗಡು ಹಪ್ಪಳದಂತೆ ಮುರಿದರೆ, ಸಾಗಣೆಯ ವೆಚ್ಚಕ್ಕೆ ಮುಂಚೆ ವೆಲ್ಡಿಂಗಿನ ವೆಚ್ಚವನ್ನು ಲೆಕ್ಕಹಾಕುವುದು ಅವಶ್ಯ.

ಕಾಗದಪತ್ರಗಳ ಸಾಕ್ಷ್ಯ

ಹಳೆಯ ಕಾರಿನ ನಿಜವಾದ ತೊಡಕು ಬಹುಮಟ್ಟಿಗೆ ಇಂಜಿನ್ನಿನಲ್ಲಿರುವುದಿಲ್ಲ, ಆರ್‌ಸಿ ಪುಸ್ತಕದಲ್ಲಿರುತ್ತದೆ. ಅಜ್ಜನ ಹೆಸರಿನಲ್ಲಿ ಕೊಂಡ ಕಾರು ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದರೂ ಅಜ್ಜನ ಹೆಸರಿನಲ್ಲಿಯೇ ಇರುವುದು ಈ ಭಾಗದ ಮನೆತನಗಳಲ್ಲಿ ಸರ್ವೇಸಾಮಾನ್ಯ. ಮಾಲೀಕನು ಮೃತನಾದಾಗ ಉತ್ತರಾಧಿಕಾರಿಯು 30 ದಿನಗಳೊಳಗಾಗಿ ನೋಂದಣಿ ಅಧಿಕಾರಿಗೆ ತಿಳಿಸಿ, 3 ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ಹೆಸರು ಬದಲಾಯಿಸಿಕೊಳ್ಳಬೇಕೆಂಬುದು ನಿಯಮ. ಅವಧಿ ಮೀರಿದ್ದರೂ ಮರಣಪತ್ರ, ವಾರಸಾ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಇವುಗಳೊಡನೆ ಮೊದಲು ಈ ಕೆಲಸವನ್ನು ಮುಗಿಸದೆ, ಮಾರಲೂ ಬಾರದು, ಒಯ್ಯಲೂ ಬಾರದು. ಅಣ್ಣತಮ್ಮಂದಿರೆಲ್ಲ ಒಂದೇ ಊರಿನಲ್ಲಿರುವಾಗ ಒಂದು ಸಂಜೆ ಕುಳಿತು ಮುಗಿಸಬಹುದಾದ ಸಹಿಯ ಕೆಲಸವು, ಒಬ್ಬೊಬ್ಬರು ಒಂದೊಂದು ದೇಶ ಸೇರಿದ ಮೇಲೆ ವರ್ಷಗಟ್ಟಲೆ ಎಳೆಯುತ್ತದೆ.

ಎರಡನೆಯದು ಸಾಲದ ಗುರುತು. ಎಂದೋ ತೀರಿಸಿದ ಬ್ಯಾಂಕಿನ ಸಾಲವು ಆರ್‌ಸಿ ಪುಸ್ತಕದ ಮೂಲೆಯಲ್ಲಿ ಅಡವಾಗಿ ನಮೂದಾಗಿದ್ದು, ಅದನ್ನು ತೆಗೆಸುವುದನ್ನು ಮರೆತಿರುತ್ತಾರೆ. ಸಾಲ ಕೊಟ್ಟ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ ವಿಲೀನವಾಗಿರುವುದರಿಂದ, ಈಗ ಆಯಾ ಬ್ಯಾಂಕಿನಿಂದ ಋಣಮುಕ್ತಿಯ ಪತ್ರ ಪಡೆದು ನಮೂನೆ 35ರ ಮೂಲಕ ಆ ಗುರುತನ್ನು ರದ್ದುಪಡಿಸಬೇಕು.

ಮೂರನೆಯದು ಇಂಜಿನ್ನಿನ ಸಂಖ್ಯೆ. ಪೆಟ್ರೋಲಿನ ಅಂಬಾಸಿಡರಿಗೆ ಡೀಸೆಲ್ ಇಂಜಿನ್ನನ್ನು ಕೂಡಿಸಿಕೊಂಡು, ಆ ಬದಲಾವಣೆಯನ್ನು ಪುಸ್ತಕದಲ್ಲಿ ಬರೆಯಿಸದೆಯೇ ಓಡಿಸುತ್ತ ಬಂದವರು ಅಪರೂಪವಲ್ಲ. ಪುಸ್ತಕದ ಸಂಖ್ಯೆಗೂ ಇಂಜಿನ್ನಿನ ಮೇಲಿನ ಸಂಖ್ಯೆಗೂ ತಾಳೆಯಿಲ್ಲದಿದ್ದರೆ ಮಾರಾಟವೂ ಸ್ಥಳಾಂತರವೂ ಅಲ್ಲಿಯೇ ನಿಲ್ಲುತ್ತವೆ. ಚಾಸಿಯ ಸಂಖ್ಯೆಯನ್ನಂತೂ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದು ಅರ್ಜಿಯ ಮೇಲೆ ಅಂಟಿಸಬೇಕಾಗುತ್ತದೆ. ಧೂಳು-ಎಣ್ಣೆಗಳ ಪದರದಡಿಯಲ್ಲಿ ಸಂಖ್ಯೆ ಅಡಗಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲನೆ ಒರೆಸಬೇಕೇ ಹೊರತು ಅರವನ್ನಾಗಲಿ ಗ್ರೈಂಡರನ್ನಾಗಲಿ ತಾಗಿಸಕೂಡದು. ಅಂಕಿಗಳು ಸವೆದುಹೋದರೆ, ಕಳವಿನ ವಾಹನವೆಂಬ ಸಂಶಯಕ್ಕೆ ಪ್ರಾಮಾಣಿಕನೂ ಉತ್ತರ ಹೇಳಬೇಕಾಗಿ ಬರುತ್ತದೆ.

ಇಷ್ಟಾದ ಮೇಲೆ ದೂರದ ಪ್ರಶ್ನೆ. ಬಸವನ ಬಾಗೇವಾಡಿಯಿಂದ ಸುಮಾರು ಐನೂರು ಕಿಲೊಮೀಟರ್ ದೂರದ ಬೆಂಗಳೂರಿಗೆ ಹೋದರೂ ರಾಜ್ಯವೊಂದೇ ಆದುದರಿಂದ, 30 ದಿನಗಳೊಳಗೆ ವಿಳಾಸದ ಬದಲಾವಣೆಯನ್ನು ತಿಳಿಸಿದರೆ ಸಾಕು. ಹಳೆಯ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಇಂಡಿಯಿಂದ ಸೊಲ್ಲಾಪುರವು ನೂರು ಕಿಲೊಮೀಟರಿಗಿಂತ ಕಡಿಮೆ ದೂರದಲ್ಲಿದ್ದರೂ ರಾಜ್ಯ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ ಮೇರೆಗೆ 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿಟ್ಟ ವಾಹನಕ್ಕೆ ಆ ರಾಜ್ಯದ ಸಂಖ್ಯೆಯನ್ನು ಪಡೆಯಬೇಕು. ಅದಕ್ಕೆ ಮುಂಚೆ ಇಲ್ಲಿಯ ಕಚೇರಿಯಿಂದ ನಮೂನೆ 28ರ ಮೂಲಕ ನಿರಾಕ್ಷೇಪಣಾ ಪತ್ರವನ್ನು, ಅಂದರೆ ಎಲ್ಲರೂ ಹೇಳುವ ಎನ್‌ಒಸಿಯನ್ನು, ತೆಗೆದುಕೊಳ್ಳಬೇಕು. ಅಲ್ಲಿಯ ತೆರಿಗೆಯನ್ನು ಬೇರೆಯಾಗಿ ಕಟ್ಟಬೇಕು. ಕೆಎ 28 ಪಾಸಿಂಗಿನ ಗಾಡಿ ಎಂಎಚ್ 13 ಆಗುತ್ತದೆ. ಹಳೆಯ ಮೈಸೂರು ರಾಜ್ಯದ ಕಾಲದ, ಎಂವೈ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯನ್ನು ಇಂದಿಗೂ ಧರಿಸಿರುವ ಕಾರಿನ ವಿಷಯದಲ್ಲಿ ಇದು ಸಣ್ಣ ನಷ್ಟವಲ್ಲ. ಆ ಸಂಖ್ಯೆಯೇ ಅದರ ಜನ್ಮಪತ್ರಿಕೆಯಾಗಿರುತ್ತದೆ, ಮತ್ತು ಬಲ್ಲ ಗ್ರಾಹಕನು ಅದಕ್ಕೆ ಪ್ರತ್ಯೇಕವಾಗಿ ಬೆಲೆ ಕಟ್ಟುತ್ತಾನೆ.

15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಶುಲ್ಕವು 2022ರ ಏಪ್ರಿಲಿನಿಂದ 5000 ರೂಪಾಯಿಗೂ, 20 ವರ್ಷ ದಾಟಿದವುಗಳಿಗೆ 2025ರ ಆಗಸ್ಟಿನಿಂದ 10000 ರೂಪಾಯಿಗೂ ಏರಿದೆ. ಮೊದಲ ನೋಂದಣಿಯಾಗಿ 50 ವರ್ಷ ಮೀರಿ, ಒಡಲು, ಚಾಸಿ, ಇಂಜಿನ್ನುಗಳಲ್ಲಿ ಮೂಲರೂಪವನ್ನು ಬಹುಮಟ್ಟಿಗೆ ಉಳಿಸಿಕೊಂಡಿರುವ ವಾಹನಗಳಿಗೆ ಕೇಂದ್ರ ಸರ್ಕಾರವು 2021ರಲ್ಲಿ ವಿಂಟೇಜ್ ಎಂಬ ಪ್ರತ್ಯೇಕ ವರ್ಗವನ್ನು ಕಲ್ಪಿಸಿದೆ. ಹೊಸದಾಗಿ ನೋಂದಾಯಿಸಲು 20000 ರೂಪಾಯಿ, ಮರುನೋಂದಣಿಗೆ 5000 ರೂಪಾಯಿ. ಅವಧಿ 10 ವರ್ಷ. ಮೊದಲೇ ನೋಂದಣಿಯಿರುವ ಕಾರು ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಆದರೆ ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ ಇಂಥ ಉದ್ದೇಶಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೂ ಮದುವೆಗೂ ಅಜ್ಜನ ಕಾರಿನಲ್ಲಿಯೇ ಹೋಗಬೇಕೆನ್ನುವವರು ಈ ನಿಬಂಧನೆಯನ್ನು ಅರಿತು ಮುಂದುವರಿಯಬೇಕು.

ಒಯ್ಯುವುದಾದರೆ

ಒಯ್ಯಲು ನಿಶ್ಚಯಿಸಿದವರ ಮನಸ್ಸಿನಲ್ಲಿ ಮೊದಲು ಮೂಡುವ ಆಸೆ, ತಾವೇ ಓಡಿಸಿಕೊಂಡು ಹೋಗಬೇಕೆಂಬುದು. ಕಲಬುರಗಿಯಿಂದ ಸಿಂದಗಿ, ವಿಜಾಪುರಗಳ ಮೂಲಕ ನಿಡಗುಂದಿ, ಹೊಸಪೇಟೆ, ಚಿತ್ರದುರ್ಗದ ಕಡೆಗೆ ಸಾಗುವ 50ನೆಯ ರಾಷ್ಟ್ರೀಯ ಹೆದ್ದಾರಿಯು ಇಂದು ವಿಶಾಲವಾಗಿದೆ. ನಿತ್ಯವೂ ಓಡುತ್ತಿರುವ, ಬ್ರೇಕು ಮತ್ತು ರೇಡಿಯೇಟರುಗಳನ್ನು ಇತ್ತೀಚೆಗೆ ಸರಿಪಡಿಸಿಕೊಂಡಿರುವ ಕಾರಿಗೆ, ಬೆಳಗಿನ ತಂಪಿನಲ್ಲಿ ಹೊರಟು ನಡುವೆ ತಂಗುತ್ತ ಹೋದರೆ, ಬೆಂಗಳೂರು ಅಸಾಧ್ಯವಲ್ಲ. ಬಿಸಿಲೇರಿದಾಗ ಪಂಪಿನಲ್ಲಿ ಪೆಟ್ರೋಲು ಆವಿಯಾಗಿ ಇಂಜಿನ್ನು ನಿಲ್ಲುವುದು ಈ ಕಾರುಗಳ ಹಳೆಯ ಸ್ವಭಾವ. ಹಿಂದಿನ ಚಾಲಕರು ಬಾನೆಟ್ಟನ್ನು ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆಯನ್ನು ಸುತ್ತಿ, ಅದು ತಣಿಯುವವರೆಗೆ ಬೇವಿನ ನೆರಳಿನಲ್ಲಿ ಕುಳಿತು ಮುಂದೆ ಸಾಗುತ್ತಿದ್ದರು. ಆ ತಾಳ್ಮೆ ಇದ್ದವರು ಹಾಗೆ ಹೋಗಬಹುದು.

ಆದರೆ ವರ್ಷಗಟ್ಟಲೆ ನಿಂತಿದ್ದ ಕಾರನ್ನು, ಬ್ಯಾಟರಿ ಬದಲಿಸಿದೊಡನೆ ಇಂಜಿನ್ನು ಹೊತ್ತಿಕೊಂಡಿತೆಂಬ ಉತ್ಸಾಹದಿಂದ ಹೆದ್ದಾರಿಗೆ ಇಳಿಸುವುದು ಪ್ರಾಣದೊಡನೆ ಆಡಿದಂತೆ. ಇಂಜಿನ್ನು ಓಡುವುದು ಸುಲಭ; ನಿಲ್ಲಿಸುವುದು ಬ್ರೇಕಿನ ಕೆಲಸ, ಮತ್ತು ನಿಂತ ಕಾರಿನಲ್ಲಿ ಮೊದಲು ಕೆಡುವುದು ಬ್ರೇಕು. ಟೈರಿನ ಮೇಲೆ ಹೂವು ಎಷ್ಟೇ ಉಳಿದಿದ್ದರೂ ಅದರ ವಯಸ್ಸನ್ನು ನೋಡತಕ್ಕದ್ದು. ಟೈರಿನ ಬದಿಯಲ್ಲಿ ಅಂಡಾಕಾರದ ಗೆರೆಯೊಳಗೆ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ: 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ತಯಾರಾದುದು. ಹತ್ತು ವರ್ಷ ಮೀರಿದ ಟೈರು ನೋಡಲು ಹೊಸದರಂತಿದ್ದರೂ ನಂಬಲು ಯೋಗ್ಯವಲ್ಲ. ಇಂಧನದ ಸಂಗತಿಯೂ ಬದಲಾಗಿದೆ. ಈ ಕಾರುಗಳು ಸೀಸಬೆರೆತ ಪೆಟ್ರೋಲಿನ ಕಾಲದವು. 2000ನೆಯ ಇಸವಿಯಲ್ಲಿ ದೇಶದಾದ್ಯಂತ ಅದು ನಿಂತುಹೋಯಿತು. ಈಗ ನಮ್ಮ ಜಿಲ್ಲೆಯ ಕಬ್ಬಿನಿಂದಲೂ ತಯಾರಾಗುವ ಎಥನಾಲನ್ನು ಶೇಕಡಾ 20ರವರೆಗೆ ಬೆರೆಸಿದ ಪೆಟ್ರೋಲು ಎಲ್ಲೆಡೆ ಬಂದಿದೆ. ರೈತನಿಗೆ ಅದರಿಂದ ಲಾಭವುಂಟು. ಆದರೆ ಎಥನಾಲು ನೀರನ್ನು ಹೀರುವ ದ್ರವವಾದುದರಿಂದಲೂ, ಹಳೆಯ ರಬ್ಬರು ಪೈಪುಗಳನ್ನೂ ಪಂಪಿನ ಪೊರೆಯನ್ನೂ ಉಬ್ಬಿಸಿ ಮೆತ್ತಗಾಗಿಸುವುದರಿಂದಲೂ, ಈ ಭಾಗಗಳನ್ನು ಹೊಸ ಬಗೆಯ ರಬ್ಬರಿನಿಂದ ಬದಲಾಯಿಸಿಕೊಳ್ಳದೆ ದೂರದ ಪ್ರಯಾಣಕ್ಕೆ ಹೊರಡಬಾರದು. ಸೋರಿದ ಪೆಟ್ರೋಲು ಬಿಸಿ ಇಂಜಿನ್ನಿನ ಮೇಲೆ ಬಿದ್ದರೆ ಬೆಂಕಿ ಹತ್ತಲು ತಡವಾಗದು.

ಇಂಥ ಸಂದೇಹವಿದ್ದಲ್ಲಿ ಲಾರಿಯ ಮೇಲೆ ಹೇರಿ ಒಯ್ಯುವುದೇ ಲೇಸು. ಸಾಗಣೆಯವನು ಹೇಳುವ ಬಾಡಿಗೆ ಒಂದನ್ನೇ ಕೇಳಿ ಒಪ್ಪಬಾರದು. ಲಾರಿ ಮುಚ್ಚಿದ್ದೋ ತೆರೆದದ್ದೋ, ದಾರಿಯಲ್ಲಿ ಬೇರೆ ಲಾರಿಗೆ ಬದಲಿಸುವರೋ, ದಾರಿಯ ವಿಮೆ ಯಾರದು, ಏರಿಸಲು ಇಳಿಜಾರು ಹಲಗೆಯುಂಟೋ ಇಲ್ಲವೋ ಎಂಬುದನ್ನು ಕೇಳಿ ಬರೆಯಿಸಿಕೊಳ್ಳಬೇಕು. ಹಗ್ಗವಾಗಲಿ ಪಟ್ಟಿಯಾಗಲಿ ಚಕ್ರಗಳನ್ನು ಹಿಡಿದು ಬಿಗಿಯಬೇಕು. ಬಂಪರಿಗೆ ಕಟ್ಟಿದರೆ ಮೊದಲ ಗುಂಡಿಯಲ್ಲಿಯೇ ಅದು ಬಾಗುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲು ಏರಿಸಿ ಇಳಿಸುವಷ್ಟೇ ಇರಲಿ, ಬ್ಯಾಟರಿಯ ತಂತಿ ಬಿಚ್ಚಿರಲಿ, ಏರಿಸುವ ಮುನ್ನ ನಾಲ್ಕೂ ಮಗ್ಗುಲಿನಿಂದ ಚಿತ್ರ ತೆಗೆದಿರಲಿ. ಐದು ವರ್ಷ ದಾಟಿದ ವಾಹನದ ವಿಮೆಯಲ್ಲಿ ಅದರ ಮೌಲ್ಯವನ್ನು ವಿಮಾ ಸಂಸ್ಥೆಯೂ ಮಾಲೀಕನೂ ಪರಸ್ಪರ ಒಪ್ಪಿ ನಿರ್ಧರಿಸಲು ಅವಕಾಶವಿದೆ. ಈ ಮಾತುಕತೆಯನ್ನು ಲಾರಿ ಬರುವುದಕ್ಕೆ ಮೊದಲೇ ಮುಗಿಸಬೇಕು.

ದೆಹಲಿಗೆ ಹೋಗುವವರ ಸ್ಥಿತಿ ಬೇರೆ. ಅಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ವಿರುದ್ಧ ಹಸಿರು ನ್ಯಾಯಮಂಡಳಿಯ ಆದೇಶವೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶವೂ ಬಂದಿವೆ. ಅವುಗಳ ಪಾಲನೆ ಕಾಲಕಾಲಕ್ಕೆ ಬಿಗಿಯಾಗುತ್ತ ಸಡಿಲಾಗುತ್ತ ಬಂದಿದ್ದರೂ, ಡೀಸೆಲ್ ಅಂಬಾಸಿಡರನ್ನು ಅತ್ತ ಒಯ್ಯುವ ಆಲೋಚನೆಯನ್ನು ಬಿಡುವುದು ಒಳಿತು. ವಿದೇಶಕ್ಕೆ ಹೋಗುವವರಿಗೆ ಹಾದಿ ಇನ್ನೂ ಕಿರಿದು. ಅಮೆರಿಕವು 25 ವರ್ಷ ಮೀರಿದ ಕಾರುಗಳಿಗೆ ತನ್ನ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಕೊಡುತ್ತದೆ; ಆದರೆ ಅಲ್ಲಿ ಬಲಬದಿಯ ಸ್ಟಿಯರಿಂಗಿನ ಅಂಬಾಸಿಡರನ್ನು ಬಲ್ಲ ಕೈ ಎಲ್ಲಿ ದೊರೆತೀತು? 1950ಕ್ಕೆ ಮುಂಚಿನ ಕಾರುಗಳ ರಫ್ತಿಗಂತೂ ನಮ್ಮ ಸರ್ಕಾರದ ನಿರ್ಬಂಧವೇ ಇದೆ.

ಮಾರುವುದಾದರೆ

ಮಾರಲು ನಿಶ್ಚಯಿಸಿದವರಿಗೆ ನಾಚಿಕೆಯಾಗಲಿ ಅಪರಾಧಭಾವವಾಗಲಿ ಬೇಕಿಲ್ಲ. ನಮ್ಮ ಸೀಮೆಯ ಒಳ್ಳೆಯ ಒಕ್ಕಲಿಗನು ವಿಜಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತನ್ನು ಮಾರುವಾಗ, ಕೊಳ್ಳುವವನು ಹಲ್ಲು ನೋಡುವಂತೆಯೇ ತಾನೂ ಕೊಳ್ಳುವವನ ಮನೆಯ ಮೇವು ಎಷ್ಟೆಂದು ವಿಚಾರಿಸುತ್ತಾನೆ. ನೂರು ರೂಪಾಯಿ ಕಡಿಮೆಯಾದರೂ ಮೇಯಿಸುವವನ ಕೈಗೆ ಹಗ್ಗ ಕೊಡುತ್ತಾನೆ. ಕಾರನ್ನು ಮಾರುವವನೂ ಹೀಗೆಯೇ ವಿಚಾರಿಸಬೇಕು. ಹೆಚ್ಚಿನ ಬೆಲೆ ಹೇಳಿದವನು ಗುಜರಿಯವನಾಗಿದ್ದು, ಇಂಜಿನ್ನು, ಬಾಗಿಲು, ಕನ್ನಡಿಗಳನ್ನು ಬಿಡಿಬಿಡಿಯಾಗಿ ಮಾರುವ ಉದ್ದೇಶದವನಾಗಿದ್ದರೆ, ಆ ಮಾರಾಟದೊಡನೆ ಕಾರಿನ ಕಥೆ ಮುಗಿಯುತ್ತದೆ. ಕಡಿಮೆ ಬೆಲೆ ಹೇಳಿದವನು ಮುದ್ದೇಬಿಹಾಳದಲ್ಲಿಯೋ ತಾಳಿಕೋಟೆಯಲ್ಲಿಯೋ ಸ್ವಂತ ಶೆಡ್ಡುಳ್ಳವನಾಗಿ, ಅದೇ ಮಾದರಿಯ ಕಾರನ್ನು ಇಟ್ಟುಕೊಂಡು ಬಂದವನಾಗಿದ್ದರೆ, ಅವನ ಮನೆಯಲ್ಲಿ ಅದು ಇನ್ನೂ ಒಂದು ತಲೆಮಾರು ಓಡೀತು. ಈ ಕಾರುಗಳ ತಯಾರಿಕೆ ನಿಂತಿರುವುದರಿಂದ, ಬಿಡಿಭಾಗಗಳನ್ನು ಹಳೆಯ ದಾಸ್ತಾನಿನಿಂದಲೋ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳ ಲೇತ್ ಕೆಲಸದವರಿಂದ ಮಾಡಿಸಿಕೊಂಡೋ ನಡೆಸಬೇಕಾದ ದಿನಗಳು ಇವು. ಆ ಶ್ರಮಕ್ಕೆ ಸಿದ್ಧನಾದವನೇ ನಿಜವಾದ ಗ್ರಾಹಕ.

ಬೆಲೆಯನ್ನು ನಿರ್ಣಯಿಸುವಾಗ ಮಾದರಿಯ ವರ್ಷ, ಮೂಲ ಇಂಜಿನ್ನು, ಮೂಲ ಸಂಖ್ಯೆ, ಕಾಗದಪತ್ರಗಳ ಪೂರ್ಣತೆ, ತಗಡಿನ ಗಟ್ಟಿತನ ಈ ಕ್ರಮದಲ್ಲಿ ತೂಗುವುದು ಬಲ್ಲವರ ಪದ್ಧತಿ. ಹೊಸದಾಗಿ ಬಳಿದ ಬಣ್ಣಕ್ಕೆ ಅವರು ಬೆಲೆ ಕೊಡುವುದಿಲ್ಲ, ಅದರ ಕೆಳಗೆ ಏನನ್ನು ಮುಚ್ಚಿದ್ದಾರೆಂದು ಸಂಶಯಿಸುತ್ತಾರೆ. ಆದಕಾರಣ ಮಾರುವುದಕ್ಕಾಗಿ ಬಣ್ಣ ಹೊಡೆಸಬೇಡಿ. ತೊಳೆದು, ಇಂಜಿನ್ನನ್ನು ಓಡುವಂತೆ ಮಾಡಿ, ಇದ್ದುದನ್ನು ಇದ್ದಂತೆ ತೋರಿಸಿ. ಹಣ ಕೈಸೇರಿದೊಡನೆ ಕೀಲಿಕೈ ಕೊಟ್ಟು ಮರೆತುಬಿಡುವುದು ಮಹಾಪ್ರಮಾದ. ನಮೂನೆ 29 ಮತ್ತು 30ನ್ನು ಇಬ್ಬರೂ ಸಹಿಮಾಡಿ ಸಲ್ಲಿಸಿ, ಹೊಸ ಮಾಲೀಕನ ಹೆಸರು ಪುಸ್ತಕದಲ್ಲಿ ಮೂಡುವವರೆಗೆ, ಆ ಕಾರಿನಿಂದಾಗುವ ಅಪಘಾತದ ಹೊಣೆ ಹಳೆಯ ಮಾಲೀಕನ ತಲೆಯ ಮೇಲೆಯೇ ಇರುತ್ತದೆ. ಸಾವಿರ ಮೈಲಿ ದೂರದಲ್ಲಿರುವವನನ್ನು ಕೋರ್ಟಿನ ಸಮನ್ಸು ಹುಡುಕಿಕೊಂಡು ಬರುವುದು ಇಂಥ ಅಲಕ್ಷ್ಯದಿಂದಲೇ.

ಕೊಳ್ಳುವವನೂ ದೊರೆಯದೆ, ಒಯ್ಯುವುದೂ ಆಗದೆ, ಕಾರು ನಿಜಕ್ಕೂ ಅಪರೂಪದ್ದಾಗಿದ್ದರೆ ದಾನದ ಹಾದಿಯೂ ತೆರೆದಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಕಾಪಾಡುತ್ತ ಬಂದಿದ್ದಾರೆ. ಶ್ರೀರಂಗಪಟ್ಟಣದ ಬಳಿ ಪಯಣವೆಂಬ ಕಾರು ಸಂಗ್ರಹಾಲಯವೂ ತಲೆಯೆತ್ತಿದೆ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಇಂಥದೊಂದು ಸಂಗ್ರಹಾಲಯ ಆಗಬೇಕೆಂಬುದು ಈ ಲೇಖಕನ ಹೃದಯಪೂರ್ವಕವಾದ ಹಂಬಲ. ಗೋಳಗುಮ್ಮಟವನ್ನು ನೋಡಲು ಬರುವವರಿಗೆ, ಈ ಬಯಲಿನ ಜನ ಚಕ್ಕಡಿಯಿಂದ ಮೋಟಾರಿಗೆ ಹೇಗೆ ಬಂದರೆಂಬುದನ್ನೂ ತೋರಿಸಬೇಕಾಗಿದೆ.

ಬಿಟ್ಟುಹೋಗುವುದೆಂಬ ಅನ್ಯಾಯ

ಮಾರಬೇಕೋ ಒಯ್ಯಬೇಕೋ ಎಂಬ ಚರ್ಚೆಯಲ್ಲಿ ಯಾರೂ ಎತ್ತದ, ಆದರೆ ಬಹುಜನರು ಕಾರ್ಯತಃ ಅನುಸರಿಸುವ ಮಾರ್ಗ ಮೂರನೆಯದು: ಸದ್ಯಕ್ಕೆ ಇಲ್ಲಿಯೇ ಇರಲಿ, ಮುಂದೆ ನೋಡಿದರಾಯಿತು ಎಂದು ತಾಡಪಾಲು ಹೊದಿಸಿ ಹೋಗುವುದು. ಇದರಲ್ಲಿ ಕಾರಿಗೂ ಹಿತವಿಲ್ಲ, ಮನೆತನಕ್ಕೂ ಹಿತವಿಲ್ಲ. ಮೊದಲ ವರ್ಷ ಬ್ಯಾಟರಿ ಸಾಯುತ್ತದೆ; ಅನಂತರ ಟ್ಯಾಂಕಿನ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ರಂಧ್ರಗಳನ್ನು ಮುಚ್ಚುತ್ತದೆ; ಚಕ್ರದ ಡ್ರಮ್ಮುಗಳು ಹಿಡಿದುಕೊಳ್ಳುತ್ತವೆ; ಇಲಿಗಳು ವೈರುಗಳನ್ನು ಕಡಿದು ಆಸನದ ತೆಂಗಿನ ನಾರಿನಲ್ಲಿ ಮರಿ ಹಾಕುತ್ತವೆ; ಪ್ಲಾಸ್ಟಿಕ್ಕಿನ ತಾಡಪಾಲಿನ ಅಡಿಯಲ್ಲಿ ಗಾಳಿಯಾಡದೆ ತೇವ ನಿಂತು, ಒಣನಾಡಿನ ತಗಡಿಗೂ ತುಕ್ಕು ಹಿಡಿಯುತ್ತದೆ. ಅಷ್ಟರಲ್ಲಿ ನೋಂದಣಿಯ ಅವಧಿ ಮುಗಿದಿರುತ್ತದೆ, ವಿಮೆ ನಿಂತಿರುತ್ತದೆ. ಐದು ವರ್ಷಗಳ ಹಿಂದೆ ಸಂತೋಷದಿಂದ ಕೊಳ್ಳುತ್ತಿದ್ದವನು ಈಗ ಬೇಡವೆನ್ನುತ್ತಾನೆ, ಕೊನೆಗೆ ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ಯುತ್ತಾನೆ. ಮಮತೆಯ ಹೆಸರಿನಲ್ಲಿ ತೆಗೆದುಕೊಂಡ ಈ ಅನಿಶ್ಚಯವು ಫಲದಲ್ಲಿ ನಿರ್ದಯವಾದುದು.

ಊರಿನಲ್ಲಿಯೇ ಉಳಿಸಬೇಕೆಂಬ ಇಚ್ಛೆ ಪ್ರಾಮಾಣಿಕವಾಗಿದ್ದರೆ ಅದಕ್ಕೂ ಕ್ರಮವಿದೆ. ಊರಿನಲ್ಲಿರುವ ತಮ್ಮನಿಗೋ ಅಳಿಯನಿಗೋ ಹೆಸರು ಬದಲಿಸಿಕೊಡಿ. ಓಡಿಸುವ ಅಧಿಕಾರವನ್ನೂ ವಿಮೆ-ದುರಸ್ತಿಗಳ ಹೊಣೆಯನ್ನೂ ಒಟ್ಟಿಗೆ ಒಪ್ಪಿಸಿ. ವಾರಕ್ಕೊಮ್ಮೆ ಇಂಜಿನ್ನು ಚೆನ್ನಾಗಿ ಬಿಸಿಯಾಗುವಷ್ಟು ದೂರ, ಬ್ರೇಕು ನಾಲ್ಕಾರು ಸಲ ಒತ್ತುವಷ್ಟು ದೂರ, ಸಂತೆಗೋ ಹೊಲಕ್ಕೋ ಹೋಗಿಬರಲೆಂದು ಕೇಳಿಕೊಳ್ಳಿ. ಹೆಸರು ನಿಮ್ಮದು, ಶ್ರಮ ಅವರದು ಎಂಬ ಏರ್ಪಾಟು ಬಂಧುತ್ವದಲ್ಲಿಯೂ ಬಹುಕಾಲ ನಡೆಯದು.

ಹೊರಡುವ ದಿನಕ್ಕೆ ಆರು ತಿಂಗಳು ಇರುವಾಗಲೇ ಈ ವಿಚಾರವನ್ನು ಮನೆಯವರೆಲ್ಲ ಕುಳಿತು ಮುಗಿಸಬೇಕು. ಹೆಸರು ಸರಿಪಡಿಸಿ, ಸಾಲದ ಗುರುತು ತೆಗೆಸಿ, ತಗಡನ್ನು ಒತ್ತಿ ನೋಡಿ, ಹೊಸ ಊರಿನ ನೆರಳನ್ನೂ ಮಿಸ್ತ್ರಿಯನ್ನೂ ಮೊದಲೇ ಹುಡುಕಿ, ಅನಂತರ ನಿರ್ಧರಿಸಬೇಕು. ಹೊಸ ಊರಿನಲ್ಲಿ ಇವೆರಡೂ ದೊರೆತರೆ ಎಷ್ಟು ಖರ್ಚಾದರೂ ಸಂತೋಷದಿಂದ ಒಯ್ಯಿರಿ; ದೊರೆಯದಿದ್ದರೆ ಮೇಲೆ ಹೇಳಿದಂಥ ಗ್ರಾಹಕನಿಗೆ ಗೌರವದಿಂದ ಕೊಟ್ಟು, ಅದರ ಸ್ವಭಾವ, ಅದರ ರೋಗ, ಅದನ್ನು ಬಲ್ಲ ಮಿಸ್ತ್ರಿಯ ವಿಳಾಸ, ಹಳೆಯ ಬಿಲ್ಲು-ಪುಸ್ತಕಗಳು ಎಲ್ಲವನ್ನೂ ಅವನಿಗೆ ಒಪ್ಪಿಸಿರಿ. ಅಜ್ಜನು ಆ ಕಾರನ್ನು ಕೊಂಡದ್ದು ಜನರನ್ನು ಕೂರಿಸಿಕೊಂಡು ಓಡಾಡಲೆಂದೇ. ಆ ಉದ್ದೇಶವನ್ನು ಮುಂದುವರಿಸಬಲ್ಲವನು ಮೊಮ್ಮಗನಾಗಿರಲಿ, ಮುದ್ದೇಬಿಹಾಳದ ಅಪರಿಚಿತನಾಗಿರಲಿ, ಆ ಮನೆತನದ ಅಭಿಮಾನಕ್ಕೆ ಸಮಾನ ಅಧಿಕಾರಿಯೇ ಆಗಿದ್ದಾನೆ.